ಭಾರದ ಸಾಮಾನು, ಇಕ್ಕಟ್ಟಿನ ಮೆಟ್ಟಿಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಲೆಗೆ ಬೇಸಿಗೆ ರಜೆ ಬಿತ್ತೆಂದರೆ ಮನೆ ಬದಲಿಸುವವರ ಓಡಾಟ ಶುರು. ಈ ಸಲದ ಪತ್ರಗಳೆಲ್ಲ ಲಿಫ್ಟಿಲ್ಲದ ಕಟ್ಟಡ, ಕಿರಿದಾದ ಮೆಟ್ಟಿಲು, ಎತ್ತಲಾರದ ಸಾಮಾನು ಇವುಗಳ ಸುತ್ತಲೇ ಇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಮೆಟ್ಟಿಲ ಮೇಲೆ ಸಾಮಾನು ಸಿಕ್ಕಿಹಾಕಿಕೊಳ್ಳುವುದು ತೂಕದಿಂದಲ್ಲ, ತಿರುವಿನಿಂದ. ಆಳು ಹುಡುಕುವ ಮುಂಚೆ ಅಳತೆ ಟೇಪು ಹುಡುಕಿ.

ಪ್ರಶ್ನೆ: ಎರಡನೇ ಮಹಡಿಗೆ ಹೋಗುತ್ತಿದ್ದೇವೆ, ಲಿಫ್ಟಿಲ್ಲ. ಮೆಟ್ಟಿಲಿನ ಅಗಲ 3 ಅಡಿ, ಅರ್ಧಕ್ಕೆ ಬಂದು ಹಿಂದಕ್ಕೆ ತಿರುಗುತ್ತದೆ. ನಮ್ಮದು ಹಳೇ ಕಬ್ಬಿಣದ ಬೀರು: ಎತ್ತರ ಆರೂವರೆ ಅಡಿ, ಅಗಲ 3 ಅಡಿ, ಆಳ 19 ಇಂಚು. ಮನೆ ಮಾಲೀಕರು ‘ಇದು ಹತ್ತೋದಿಲ್ಲ’ ಅನ್ನುತ್ತಾರೆ, ಸಾಮಾನು ಹೊರುವವರು ‘ಹತ್ತಿಸ್ತೀವಿ ಬಿಡಿ’ ಅನ್ನುತ್ತಾರೆ. ಯಾರ ಮಾತು ನಂಬೋಣ?
— ಒಬ್ಬ ಓದುಗರು, ರಾಜಾಜಿನಗರ

ಇಬ್ಬರನ್ನೂ ಬಿಡಿ, ಟೇಪನ್ನು ನಂಬಿ. ಮಲಗಿಸಿದ ಹಾಗೇ ತಿರುವು ದಾಟಿಸೋಣ ಎಂದು ಹೊರುವವರು ಯೋಚಿಸಿದ್ದರೆ ಅದು ಆಗುವ ಕೆಲಸವಲ್ಲ. 3 ಅಡಿ ಅಗಲದ ದಾರಿ ಇನ್ನೊಂದು 3 ಅಡಿ ಅಗಲದ ದಾರಿಗೆ ಅಡ್ಡ ತಿರುಗುವಲ್ಲಿ, 19 ಇಂಚು ದಪ್ಪದ ವಸ್ತು ನೆಲಕ್ಕೆ ಸಮನಾಗಿ ದಾಟಬೇಕಾದರೆ ಅದರ ಉದ್ದ ಹೆಚ್ಚೆಂದರೆ 64 ಇಂಚು ಇರಬಹುದು. ನಿಮ್ಮ ಬೀರು 78 ಇಂಚು. ದಾರಿಯ ಅಗಲ ಮೂರೂವರೆ ಅಡಿ ಇದ್ದಿದ್ದರೆ ಈ ಮಿತಿ ಸುಮಾರು 81 ಇಂಚಿಗೆ ಏರುತ್ತಿತ್ತು, ಕಷ್ಟಪಟ್ಟು ದಾಟುತ್ತಿತ್ತು. ಅರ್ಧ ಅಡಿ ಅಗಲಕ್ಕೆ 17 ಇಂಚು ಉದ್ದದ ವ್ಯತ್ಯಾಸ.

ಹಾಗಾದರೆ ಉಳಿದ ದಾರಿ ತಿರುವಿನ ಕಟ್ಟೆಯ ಮೇಲೆ ಬೀರನ್ನು ಎತ್ತಿ ನಿಲ್ಲಿಸುವುದು. ಇದಕ್ಕೆ ಎರಡು ಅಳತೆ ನೋಡಬೇಕು.

ಮೊದಲನೆಯದು ತಲೆಯ ಮೇಲಿನ ಜಾಗ. ಮಲಗಿರುವ ವಸ್ತುವನ್ನು ಎತ್ತಿ ನಿಲ್ಲಿಸುವಾಗ ಅದರ ಮೂಲೆ ಒಂದು ಕ್ಷಣ ನಿಂತ ಎತ್ತರಕ್ಕಿಂತಲೂ ಮೇಲೆ ಹೋಗುತ್ತದೆ. ಅಂಗಾತ ಮಲಗಿದ್ದ ಬೀರನ್ನು ನಿಲ್ಲಿಸಲು ಸುಮಾರು 80 ಇಂಚು ಸಾಕು. ಆದರೆ 3 ಅಡಿಯ ಮೆಟ್ಟಿಲಲ್ಲಿ 3 ಅಡಿ ಅಗಲದ ಬೀರು ಅಂಗಾತ ಹೋಗುವುದಿಲ್ಲ, ಮಗ್ಗುಲಾಗಿಯೇ ಹೋಗಬೇಕು. ಮಗ್ಗುಲಿನಿಂದ ಎತ್ತಿ ನಿಲ್ಲಿಸಲು 86 ಇಂಚು, ಅಂದರೆ 7 ಅಡಿ 2 ಇಂಚು ಬೇಕು. ನಡುವಿನ ಕಟ್ಟೆಯ ಮೇಲೆ ಸಾಮಾನ್ಯವಾಗಿ ಇಷ್ಟು ಎತ್ತರ ಇರುತ್ತದೆ. ಇಲ್ಲದಿರುವುದು ಮೇಲಿನ ಮೆಟ್ಟಿಲ ಸಾಲು ತಲೆಯ ಮೇಲೆ ಇಳಿದು ಬರುವ ಜಾಗದಲ್ಲಿ. ಅಲ್ಲಿ ಅಳೆಯಿರಿ.

ಎರಡನೆಯದು ಕಟ್ಟೆಯ ಆಳ. ನಿಂತ ಬೀರು ಕಟ್ಟೆಯಲ್ಲಿ 36 ಇಂಚು ಆಳದ ಜಾಗ ತಿನ್ನುತ್ತದೆ. ಗೋಡೆಬದಿಯ ಸ್ಕರ್ಟಿಂಗು, ಬೆರಳಿಗೆ ಬೇಕಾದ ಸಂದು ಸೇರಿಸಿದರೆ 38 ಇಂಚಾದರೂ ಬೇಕು. ಸರಿಯಾಗಿ 36 ಇದ್ದರೆ ಮಾಲೀಕರ ಮಾತೇ ಸರಿ.

ಜಾಗ ಇದೆಯೆಂದಾದರೆ ಕ್ರಮ ಹೀಗೆ. ಬೀರು ಖಾಲಿ ಮಾಡಿ, ತೆಗೆಯಲು ಬರುವ ಹಲಗೆಗಳನ್ನು ತೆಗೆದು ಬೇರೆ ಒಯ್ಯಿರಿ. ಒಳಗಿನ ಲಾಕರು, ಹೊರಗಿನ ಬಾಗಿಲು ಎರಡಕ್ಕೂ ಬೀಗ ಹಾಕಿ ಕೀಲಿ ಜೇಬಿಗೆ ಹಾಕಿಕೊಳ್ಳಿ. ಬೀಗದಲ್ಲೇ ಬಿಟ್ಟ ಕೀಲಿ ಗೋಡೆಗೆ ತಗುಲಿ ಮುರಿದರೆ ಹೊಸ ತಲೆನೋವು. ಕನ್ನಡಿಯಿದ್ದರೆ ಅಡ್ಡಾದಿಡ್ಡಿ ಟೇಪು ಅಂಟಿಸಿ. ಟೇಪು ಕನ್ನಡಿ ಒಡೆಯುವುದನ್ನು ತಪ್ಪಿಸದು, ಚೂರು ಕಾಲ ಮೇಲೆ ಬೀಳುವುದನ್ನು ತಪ್ಪಿಸುತ್ತದೆ. ಗೋಣಿಚೀಲವನ್ನು ಎರಡೂ ಮಗ್ಗುಲಿಗೆ ಕಟ್ಟಿ. ಎರಡೂ ಯಾಕೆಂದರೆ, ಮೊದಲ ಸಾಲಿನಲ್ಲಿ ಬಲಮಗ್ಗುಲಾಗಿ ಹತ್ತಿದ ಬೀರು ಕಟ್ಟೆಯಲ್ಲಿ ನಿಂತು, ಪಕ್ಕಕ್ಕೆ ಸರಿದು, ಮುಂದಿನ ಸಾಲಿಗೆ ಎಡಮಗ್ಗುಲಾಗಿ ಮಲಗುತ್ತದೆ. ಪ್ರತಿ ತಿರುವಿನಲ್ಲೂ ಮಗ್ಗುಲು ಬದಲು. ಹೊಸಬರು ಕಟ್ಟೆಯ ಮೇಲೆ ಬೀರನ್ನು ಸುತ್ತ ತಿರುಗಿಸಲು ಹೋಗುತ್ತಾರೆ. ಅದರ ಅಗತ್ಯವೇ ಇಲ್ಲ, ತಿರುಗಿಸಲು 41 ಇಂಚು ಬೇಕು, ಅಷ್ಟು ಜಾಗವೂ ಇರುವುದಿಲ್ಲ.

ಅನುಮಾನವಿದ್ದರೆ ಹಳೇ ರಟ್ಟಿನ ಡಬ್ಬ ಕತ್ತರಿಸಿ, ಟೇಪು ಹಚ್ಚಿ 78 ಇಂಚು ಉದ್ದ, 36 ಇಂಚು ಅಗಲದ ಹಾಳೆ ಮಾಡಿ ಮೆಟ್ಟಿಲಲ್ಲಿ ಒಯ್ದು ನೋಡಿ. ಅದು ಎಲ್ಲಿ ತಗುಲುತ್ತದೋ ಬೀರೂ ಅಲ್ಲೇ ತಗುಲುತ್ತದೆ. ಈಚಿನ ಬೀರುಗಳಲ್ಲಿ ಕೆಲವು ಬೋಲ್ಟು ಬಿಚ್ಚಿದರೆ ಹಲಗೆ ಹಲಗೆಯಾಗಿ ಬರುತ್ತವೆ. ನಿಮ್ಮದು ಹಳೆಯದೆಂದ ಮೇಲೆ ಬೆಸುಗೆ ಹಾಕಿದ್ದೇ ಇರಬೇಕು.

ಪ್ರಶ್ನೆ: ಫ್ರಿಜ್ಜನ್ನು ನಾನೂ ತಮ್ಮನೂ ಸೇರಿ ಮೂರನೇ ಮಹಡಿಗೆ ಹತ್ತಿಸಬೇಕು. ಗಟ್ಟಿಮುಟ್ಟಾದವರು ಮೇಲಿರಬೇಕೋ ಕೆಳಗಿರಬೇಕೋ? ಹತ್ತಿಸಿದ ಮೇಲೆ ಎಷ್ಟು ಹೊತ್ತು ಬಿಟ್ಟು ಆನ್ ಮಾಡಬೇಕು?
— ಒಬ್ಬ ಓದುಗರು, ದಾವಣಗೆರೆ

ಗಟ್ಟಿಯವರು ಕೆಳಗೆ. 60 ಕೆ.ಜಿ. ಫ್ರಿಜ್ಜನ್ನು ಸಮನೆಲದಲ್ಲಿ ಇಬ್ಬರು ಎತ್ತಿದರೆ ತಲಾ 30 ಬೀಳುತ್ತದೆ. ಅದೇ ಫ್ರಿಜ್ಜನ್ನು 7 ಇಂಚು ಎತ್ತರ, 10 ಇಂಚು ತುಳಿಯ (ಕಾಲಿಡುವ ಜಾಗದ) ಮೆಟ್ಟಿಲಲ್ಲಿ ಓರೆಯಾಗಿ, ಅಡಿಭಾಗಕ್ಕೆ ಕೈ ಕೊಟ್ಟು ಹೊತ್ತರೆ ಕೆಳಗಿನವರ ಪಾಲು 38 ಕೆ.ಜಿ.ಯಷ್ಟಾಗುತ್ತದೆ, ಮೇಲಿನವರದು 22. ಕಂಪ್ರೆಸರ್ ಬುಡದಲ್ಲಿರುವುದರಿಂದ, ಬುಡ ಕೆಳಮುಖವಾಗಿದ್ದರೆ ವ್ಯತ್ಯಾಸ ಇನ್ನೂ ಹೆಚ್ಚು. ಮೆಟ್ಟಿಲು ಕಡಿದಾದಷ್ಟೂ, ವಸ್ತು ದಪ್ಪವಾದಷ್ಟೂ ಭಾರ ಕೆಳಗಿನವರ ಕಡೆಗೇ ಜಾರುತ್ತದೆ. ಮೇಲಿನವರ ಕೆಲಸ ಬಲದ್ದಲ್ಲ, ಹಿಡಿತದ್ದು: ಹಿಂದೆ ಹಿಂದೆ ಹೆಜ್ಜೆಯಿಡುತ್ತ ಫ್ರಿಜ್ಜಿನ ತಲೆಯನ್ನು ತನ್ನತ್ತ ಒರಗಿಸಿಕೊಳ್ಳಬೇಕು. ಮೂರನೆಯವರೊಬ್ಬರು ಖಾಲಿ ಕೈಯಲ್ಲಿದ್ದು ಹೆಜ್ಜೆ ಹೇಳಲಿ. ‘ಎತ್ತು’, ‘ತಡಿ’, ‘ಇಳಿಸು’ ಅನ್ನುವ ಬಾಯಿ ಒಂದೇ ಇರಲಿ. ಎರಡು ಬಾಯಿಯಾದರೆ ಒಬ್ಬರು ಎತ್ತುವಾಗ ಇನ್ನೊಬ್ಬರು ಇಳಿಸುತ್ತಾರೆ. ಚಪ್ಪಲಿ ಬೇಡ, ರಬ್ಬರ್ ತಳದ ಶೂ ಇರಲಿ. ರೆಡ್ ಆಕ್ಸೈಡ್ ಮೆಟ್ಟಿಲಾದರೆ ಆ ದಿನ ಒರೆಸುವುದೂ ಬೇಡ.

ಹೊರುವ ಮುಂಚೆ ತಟ್ಟೆ, ಗಾಜಿನ ಹಲಗೆ, ತರಕಾರಿ ಡಬ್ಬ ಎಲ್ಲ ಹೊರಗೆ. ಹಿಂದೆ ಕಂಪ್ರೆಸರ್ ಮೇಲೆ ನೀರಿನ ತಟ್ಟೆಯಿದೆ, ಅದನ್ನು ಖಾಲಿ ಮಾಡದಿದ್ದರೆ ಮೆಟ್ಟಿಲ ನಡುವೆ ನೀರು ಚೆಲ್ಲಿ ಕಾಲು ಜಾರುತ್ತದೆ. ಬಾಗಿಲನ್ನು ಬೆಲ್ಟಿನಿಂದ ಬಿಗಿಯಿರಿ. ಬಾಗಿಲ ಹಿಡಿಗೆ ಕೈ ಹಾಕಿ ಎತ್ತಬೇಡಿ. ಟ್ರಾಲಿ ಬಳಸಿದರೆ ಫ್ರಿಜ್ಜಿನ ಪಕ್ಕವನ್ನು ಟ್ರಾಲಿಗೆ ಒರಗಿಸಿ. ಬೆನ್ನು ಒರಗಿಸಿದರೆ ಹಿಂದಿನ ಕೊಳವೆ ಜಜ್ಜುತ್ತದೆ, ಆ ಕೊಳವೆ ತೂತಾದರೆ ಗ್ಯಾಸು ಹೋದಂತೆಯೇ.

ಓರೆ 45 ಡಿಗ್ರಿ ಮೀರದಿದ್ದರೆ ಒಂದೆರಡು ಗಂಟೆ ನಿಲ್ಲಿಸಿ ಆನ್ ಮಾಡಬಹುದು. ಪೂರ್ತಿ ಮಲಗಿಸಿದ್ದರೆ ಕಂಪ್ರೆಸರಿನೊಳಗಿನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ಅದು ವಾಪಸು ಇಳಿಯುವ ಮೊದಲೇ ಆನ್ ಮಾಡಿದರೆ ಕಂಪ್ರೆಸರ್ ಎಣ್ಣೆಯಿಲ್ಲದೆ ಓಡುತ್ತದೆ. ಮಲಗಿಸಿಟ್ಟಿದ್ದಷ್ಟು ಹೊತ್ತಾದರೂ ನಿಲ್ಲಿಸಿಡಿ. ಲಾರಿಯಲ್ಲಿ ದಿನವಿಡೀ ಮಲಗಿ ಬಂದಿದ್ದರೆ 24 ಗಂಟೆ ಕಾಯಿರಿ.

ಪ್ರಶ್ನೆ: ಮನೆ ಬದಲಿಸಿದ ಮೇಲೆ ನಮ್ಮ ಫ್ರಂಟ್ ಲೋಡ್ ವಾಷಿಂಗ್ ಮಷೀನು ಬಟ್ಟೆ ಹಿಂಡುವಾಗ ಕುಣಿದು ಅರ್ಧ ಅಡಿ ಮುಂದೆ ಬರುತ್ತದೆ. ಹೊತ್ತವರು ಎಲ್ಲೂ ಬೀಳಿಸಲಿಲ್ಲ. ಏನಾಗಿರಬಹುದು?
— ಒಬ್ಬ ಓದುಗರು, ಮೈಸೂರು

ಬೀಳಿಸಬೇಕಾಗಿಯೇ ಇಲ್ಲ. ಅದರೊಳಗಿನ ಡ್ರಮ್ಮು ಸ್ಪ್ರಿಂಗಿನಲ್ಲಿ ನೇತಾಡುತ್ತಿರುತ್ತದೆ, ಕೆಳಗೆ ಶಾಕ್ ಅಬ್ಸಾರ್ಬರ್ ತಡೆದಿರುತ್ತದೆ. ಹೊಸತಾಗಿ ಬಂದಾಗ ಮಷೀನಿನ ಬೆನ್ನಿಗೆ ಮೂರೋ ನಾಲ್ಕೋ ಉದ್ದನೆಯ ಬೋಲ್ಟು ಹಾಕಿರುತ್ತಾರೆ. ಸಾಗಿಸುವಾಗ ಡ್ರಮ್ಮು ಅಲುಗದಂತೆ ಹಿಡಿಯಲಿಕ್ಕೆ ಅವು. ಅಳವಡಿಸಲು ಬಂದವರು ತೆಗೆದು ಕೈಗೆ ಕೊಡುತ್ತಾರೆ, ನಾವು ಎಲ್ಲೋ ಇಟ್ಟು ಮರೆಯುತ್ತೇವೆ. ಬೋಲ್ಟಿಲ್ಲದೆ ಮೆಟ್ಟಿಲಲ್ಲಿ ಓರೆ ಮಾಡಿದರೆ ಡ್ರಮ್ಮು ಹೊರಕವಚಕ್ಕೆ ಬಡಿಯುತ್ತದೆ, ಸ್ಪ್ರಿಂಗು ಕೊಕ್ಕೆಯಿಂದ ಕಳಚುವುದೂ ಉಂಟು.

ಮೊದಲು ಸುಲಭದ್ದನ್ನು ನೋಡಿ: ನಾಲ್ಕೂ ಪಾದ ನೆಲಕ್ಕೆ ಕೂತಿವೆಯೇ, ಮಟ್ಟ ಸರಿಯಿದೆಯೇ. ಬೋಲ್ಟು ಹಾಕಿಯೇ ತಂದಿದ್ದರೆ ತೆಗೆಯಲು ಮರೆತಿದ್ದೀರೋ ನೋಡಿ, ಅದಕ್ಕೂ ಹೀಗೇ ಕುಣಿಯುತ್ತದೆ. ಎರಡೂ ಅಲ್ಲವಾದರೆ ಬಾಗಿಲು ತೆಗೆದು ಡ್ರಮ್ಮನ್ನು ಕೈಯಿಂದ ಅದುಮಿ ಬಿಡಿ. ಒಂದು ಸಲ ಮೇಲೆ ಬಂದು ನಿಂತರೆ ಸರಿ. ಒಂದು ಪಕ್ಕಕ್ಕೆ ವಾಲಿದ್ದರೆ ಅಥವಾ ತೂಗಾಡುತ್ತಲೇ ಇದ್ದರೆ ಮೆಕ್ಯಾನಿಕ್ಕನ್ನು ಕರೆಸಿ, ಅಲ್ಲಿಯವರೆಗೆ ಓಡಿಸಬೇಡಿ.

ಮುಂದೆ ಸಾಗಿಸುವವರಿಗೆ: ಬೋಲ್ಟು ಕಳೆದಿದ್ದರೆ ಮಾಡೆಲ್ ನಂಬರ್ ಹೇಳಿ ಸರ್ವೀಸ್ ಸೆಂಟರಿನಿಂದ ತರಿಸಿ. ಕೆಳಗಿನ ಮೂಲೆಯ ಫಿಲ್ಟರ್ ಬಿಚ್ಚಿ ಒಳಗುಳಿದ ನೀರು ಹರಿಸಿ. ತೂಕ 60–70 ಕೆ.ಜಿ. ಇರುತ್ತದೆ, ಅದರಲ್ಲಿ ಒಳ್ಳೇ ಪಾಲು ಕಾಂಕ್ರೀಟ್ ದಿಮ್ಮಿಯದು. ಅದು ಮೇಲುಭಾಗದಲ್ಲೂ ಮುಂಭಾಗದಲ್ಲೂ ಇರುವುದರಿಂದ ಮಷೀನು ಮುಂದಕ್ಕೆ ಮುಗ್ಗರಿಸುತ್ತದೆ. ಬೆನ್ನುಭಾಗ ಕೆಳಗಿನವರ ಕಡೆಗಿರಲಿ ಎಂದು ಕೆಲವರು ಹೇಳುತ್ತಾರೆ. ನಮ್ಮ ಮಟ್ಟಿಗೆ ಅಡಿಯಲ್ಲಿ ಬೆಲ್ಟು ಹಾಕಿ ಹೊರುವುದು ಇದಕ್ಕಿಂತ ಮುಖ್ಯ.

ಪ್ರಶ್ನೆ: ಅಜ್ಜಿಯ ಕಾಲದ ಕಲ್ಲಿನ ಒರಳು ಉಪ್ಪರಿಗೆಯಲ್ಲಿದೆ. ದುಂಡಗಿದೆ, ಅಡ್ಡಳತೆ ಒಂದೂವರೆ ಅಡಿ, ಎತ್ತರ 1 ಅಡಿ. ಅಂಗಳಕ್ಕೆ ಇಳಿಸಬೇಕು. ಮೆಟ್ಟಿಲು ನೇರವಾಗಿದೆ, ಮೇಲ್ಗಡೆ ಕಂಬವೂ ಇದೆ. ನಾಲ್ಕು ಜನ ಸಾಕೇ?
— ಒಬ್ಬ ಓದುಗರು, ತೀರ್ಥಹಳ್ಳಿ

ತೂಕ ಗೊತ್ತಾದರೆ ಜನ ಎಷ್ಟೆಂದು ತಾನೇ ಗೊತ್ತಾಗುತ್ತದೆ. ಅಡ್ಡಳತೆ, ಎತ್ತರ ಎರಡನ್ನೂ ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ: 45 × 45 × 30. ದುಂಡಗಿರುವುದರಿಂದ 0.785ರಿಂದ ಗುಣಿಸಿ, ಗ್ರಾನೈಟಿಗೆ ಮತ್ತೆ 2.7ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಸುಮಾರು 129 ಬರುತ್ತದೆ. ಗುಳಿಯದ್ದು ಕಳೆದರೆ 120 ಕೆ.ಜಿ. ಗುಂಡನ್ನು ಬೇರೆಯಾಗಿ ಇಳಿಸಿ.

ನಾಲ್ಕು ಜನಕ್ಕೆ ತಲಾ 30 ಕೆ.ಜಿ. ಎಂಬ ಲೆಕ್ಕ ಅಂಗಳದಲ್ಲಿ ಸರಿ. ದುಂಡು ಕಲ್ಲಿಗೆ ಕೈ ಹಿಡಿಯಲು ಜಾಗವಿಲ್ಲ, ಮೆಟ್ಟಿಲಲ್ಲಿ ನಾಲ್ಕು ಜನ ಸುತ್ತ ನಿಲ್ಲಲೂ ಆಗದು. ಬೊಂಬಿಗೆ ಕಟ್ಟಿ ಹೊರುವುದು ಹಳೇ ಪದ್ಧತಿ, ಅದರಲ್ಲಿ ಒಂದು ಜಾಣತನವಿದೆ: ಬೊಂಬಿನ ನಡುವೆ ನೇತುಬಿಟ್ಟ ಭಾರ ಮೆಟ್ಟಿಲ ಮೇಲೂ ಹಿಂದಿನವರಿಗೂ ಮುಂದಿನವರಿಗೂ ಸಮನಾಗಿಯೇ ಬೀಳುತ್ತದೆ, ಫ್ರಿಜ್ಜಿನ ಹಾಗೆ ಕೆಳಗಿನವರ ಮೇಲೆ ಹೇರುವುದಿಲ್ಲ. ಆದರೆ ಹಗ್ಗ ಬೊಂಬಿನ ಮೇಲೆ ಜಾರಿ ಕೆಳಗಿನವರ ಹೆಗಲಿಗೇ ಬಂದುಬಿಡುವುದು ಇದರ ಅಪಾಯ. ಗಣ್ಣಿನ ಮೇಲ್ಗಡೆ ಬಿಗಿಯಾಗಿ ಗಂಟು ಹಾಕಬೇಕು.

ನಿಮ್ಮಲ್ಲಿ ಕಂಬವಿದೆ, ಹಾಗಾಗಿ ಹೊರದೆಯೇ ಇಳಿಸಿ. 2 ಇಂಚು ದಪ್ಪದ ಎರಡು ಹಲಗೆಯನ್ನು ಮೆಟ್ಟಿಲ ಅಂಚುಗಳ ಮೇಲೆ ಹಾಸಿ, ಅವು ಜಾರದಂತೆ ಮೇಲ್ತುದಿಯನ್ನು ಕಟ್ಟಿ. ಒರಳನ್ನು ಅಡಿ ಕೆಳಗಾಗಿ ಗೋಣಿಯ ಮೇಲೆ ಕೂರಿಸಿ. ಉರುಳಿಸಬೇಡಿ, ಉರುಳಲು ಹೊರಟ ಕಲ್ಲನ್ನು ಯಾರೂ ತಡೆಯಲಾರರು. ಹೆಬ್ಬೆರಳು ದಪ್ಪದ ಹಗ್ಗವನ್ನು ಉದ್ದಕ್ಕೂ ಅಡ್ಡಕ್ಕೂ ಹಾಯಿಸಿ ಕಟ್ಟಿ. ಬರೀ ಸೊಂಟಕ್ಕೆ ಕಟ್ಟಿದ ಹಗ್ಗ ಕಲ್ಲು ಓರೆಯಾದೊಡನೆ ಕಳಚುತ್ತದೆ. ಹಗ್ಗದ ಇನ್ನೊಂದು ತುದಿಯನ್ನು ಕಂಬಕ್ಕೆ ಒಂದೂವರೆ ಸುತ್ತು ಸುತ್ತಿ ಹಿಡಿಯಿರಿ. 35 ಡಿಗ್ರಿ ಇಳಿಜಾರಿನಲ್ಲಿ 120 ಕೆ.ಜಿ. ಕಲ್ಲು ಹೆಚ್ಚೆಂದರೆ 70 ಕೆ.ಜಿ.ಯಷ್ಟು ಎಳೆಯುತ್ತದೆ, ಹಲಗೆಯ ಉಜ್ಜಾಟ ಅದರಲ್ಲೂ ಒಂದಷ್ಟು ಕಳೆಯುತ್ತದೆ. ಕಂಬದ ಒಂದು ಪೂರ್ತಿ ಸುತ್ತೇ ಕೈಗೆ ಬರುವ ಎಳೆತವನ್ನು ಐದಾರು ಪಟ್ಟು ಇಳಿಸುವುದರಿಂದ ಒಬ್ಬರೇ ಹಗ್ಗ ಬಿಡುತ್ತ ಹೋಗಬಹುದು. ಎರಡನೆಯವರು ಕಲ್ಲಿನ ಮೇಲ್ಗಡೆ ನಿಂತು ಹಾರೆಯಿಂದ ದಾರಿ ತಿದ್ದಲಿ. ಹಲಗೆ ಗಿಡ್ಡವಾಗಿದ್ದರೆ ಅರ್ಧದಲ್ಲಿ ನಿಲ್ಲಿಸಿ, ಹಗ್ಗ ಬಿಗಿದು ಗಂಟು ಹಾಕಿ, ಕಲ್ಲಿನ ಮೇಲ್ಗಡೆಯಿಂದಲೇ ಹಲಗೆಯನ್ನು ಮುಂದಕ್ಕೆ ಸರಿಸಿ. ಮೆಟ್ಟಿಲ ಬುಡದಲ್ಲಿ ಹಳೇ ಕಾರಿನ ಟೈರು ಇಡಿ. ಕೆಳಗೆ ಯಾರೂ ನಿಲ್ಲಕೂಡದು, ಮಕ್ಕಳನ್ನಂತೂ ಅಂಗಳದಿಂದಲೇ ದೂರವಿಡಿ. ಮೆಟ್ಟಿಲ ಕಟಕಟೆಗೆ ಹಗ್ಗ ಸುತ್ತಬೇಡಿ. ಆ ಪೈಪುಗಳು ಒಂದೆರಡು ಇಂಚು ಸಿಮೆಂಟಿನಲ್ಲಿ ನಿಂತಿರುತ್ತವೆ.

ಪ್ರಶ್ನೆ: ಮೆಟ್ಟಿಲು ಬೇಡವೆಂದು ಸೋಫಾ, ಬೀರು ಎಲ್ಲವನ್ನೂ ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆಯುತ್ತೇವೆ ಅನ್ನುತ್ತಾರೆ. ಮಾಡಿಸಬಹುದೇ?
— ಒಬ್ಬ ಓದುಗರು, ಹುಬ್ಬಳ್ಳಿ

ಮನೆ ಮುಂದೆ ವಿದ್ಯುತ್ ತಂತಿ ಇದ್ದರೆ ಬೇಡ, ಚರ್ಚೆಯೇ ಬೇಡ. ಹಗ್ಗದಲ್ಲಿ ತೂಗುವ ಬೀರು ಗಾಳಿಗೆ ಒಂದು ಮಾರು ಆಚೆ ಓಲಾಡುತ್ತದೆ, 11 ಕೆ.ವಿ. ತಂತಿಗೆ ತಾಗಬೇಕೆಂದೂ ಇಲ್ಲ, ತೀರ ಹತ್ತಿರ ಹೋದರೂ ಸಾಕು. ತಂತಿಯಿಲ್ಲದಿದ್ದರೆ ಸೋಫಾ ಎಳೆಸಬಹುದು: ಪ್ಯಾರಪೆಟ್ಟಿನ ಅಂಚಿಗೆ ದಪ್ಪ ಗೋಣಿ ಹಾಸಿ, ಎರಡು ಹಗ್ಗ ಕಟ್ಟಿ, ಗೋಡೆಗೆ ತಾಗದಂತೆ ಕೆಳಗಿನಿಂದ ದೂರ ಎಳೆದು ಹಿಡಿಯಲು ಮೂರನೆಯ ಹಗ್ಗ ಕಟ್ಟಿ. ಎಳೆಯುವವರು ಪ್ಯಾರಪೆಟ್ ಮೇಲೆ ಕೂರಕೂಡದು. ಸೋಫಾ ಮಾತ್ರ ಎಂದದ್ದು ಗಮನಿಸಿ. ಅಂದ ಹಾಗೆ, ಮೂರು ಜನ ಕೂರುವ ಸೋಫಾದ ಕಾಲು ಬಿಚ್ಚಿ ಕಂಬದ ಹಾಗೆ ನೆಟ್ಟಗೆ ನಿಲ್ಲಿಸಿದರೆ ಎಷ್ಟೋ ಮೆಟ್ಟಿಲಲ್ಲಿ ತಾನೇ ತಿರುಗುತ್ತದೆ. ಅದನ್ನು ಮೊದಲು ನೋಡಿ.

ಪ್ರಶ್ನೆ: ಇನ್ವರ್ಟರ್ ಬ್ಯಾಟರಿ ನೆಲಮಾಳಿಗೆಯಿಂದ ಮೊದಲ ಮಹಡಿಗೆ ಒಯ್ಯಬೇಕು. ಆ್ಯಸಿಡ್ ಬಸಿದು ಹಗುರ ಮಾಡಿಕೊಳ್ಳಬಹುದೇ?
— ಒಬ್ಬ ಓದುಗರು, ಶಿವಮೊಗ್ಗ

ಬಸಿಯಲೇಬೇಡಿ. 150 ಎ.ಎಚ್. ಟ್ಯೂಬುಲರ್ ಬ್ಯಾಟರಿ 50–60 ಕೆ.ಜಿ. ಇರುತ್ತದೆ, ಇಬ್ಬರಿಗೆ ಹೊರಲಾಗದ್ದೇನಲ್ಲ. ಇನ್ವರ್ಟರ್ ಆಫ್ ಮಾಡಿ, ಗೋಡೆಯ ಪ್ಲಗ್ಗು ಕಿತ್ತು, ಮೊದಲು ಕಪ್ಪು ತಂತಿ, ಆಮೇಲೆ ಕೆಂಪು ತಂತಿ ಬಿಚ್ಚಿ. ಮರಳಿ ಹಾಕುವಾಗ ಕೆಂಪು ಮೊದಲು. ಎರಡೂ ಟರ್ಮಿನಲ್ಲಿಗೆ ಇನ್ಸುಲೇಶನ್ ಟೇಪು ಸುತ್ತಿ. ಕೈಬಳೆ, ಉಂಗುರ ತೆಗೆದಿಡಿ. ಬ್ಯಾಟರಿಯ ಎರಡೂ ಬದಿಯ ಹಿಡಿ ಗಟ್ಟಿಯಿದೆಯೇ ಜಗ್ಗಿ ನೋಡಿ, ಹಳೆಯವು ಪಟ್ಟನೆ ಮುರಿಯುತ್ತವೆ. ಮೆಟ್ಟಿಲಲ್ಲಿ ಮೇಲಿನವರು ಬಗ್ಗಿ ಹಿಡಿಯಬೇಕು, ಕೆಳಗಿನವರು ಎದೆಮಟ್ಟಕ್ಕೆ ಎತ್ತಬೇಕು; ಬ್ಯಾಟರಿ ಓರೆಯಾಗದಿರಲು ಬೇರೆ ದಾರಿಯಿಲ್ಲ. ಆ್ಯಸಿಡ್ ಚೆಲ್ಲಿದರೆ ನೊರೆ ನಿಲ್ಲುವವರೆಗೆ ಅಡುಗೆ ಸೋಡಾ ಸುರಿದು ಆಮೇಲೆ ನೀರು ಹಾಕಿ. ಮೈಗೆ ಬಿದ್ದರೆ ಸೋಡಾ ಅಲ್ಲ, ಹದಿನೈದು ಇಪ್ಪತ್ತು ನಿಮಿಷ ನಲ್ಲಿ ನೀರು. ಅಮೃತಶಿಲೆಯ ಮೆಟ್ಟಿಲಾದರೆ ಹನಿ ಬಿದ್ದಲ್ಲೆಲ್ಲ ಗುಳಿ ಗ್ಯಾರಂಟಿ.

ಪ್ರಶ್ನೆ: ಇಲ್ಲಿ ಹಳೇ ಮನೆ ಕೊಂಡಿದ್ದೇವೆ. 110 ಕೆ.ಜಿ. ಟ್ರೆಡ್‌ಮಿಲ್ಲನ್ನು ಬೇಸ್‌ಮೆಂಟಿಗೆ ಇಳಿಸಬೇಕು. ಮರದ ಮೆಟ್ಟಿಲು, ಹಿಂಬದಿ ತೆರೆದಿದೆ. ಕೂಲಿಯವರು ದುಬಾರಿ, ಸ್ನೇಹಿತರೇ ಸೇರಿ ಮಾಡಬಹುದೇ?
— ಒಬ್ಬ ಓದುಗರು, ನ್ಯೂಜೆರ್ಸಿ

ಮಾಡಬಹುದು, ಇಡಿಯಾಗಿ ಬೇಡ. ಟ್ರೆಡ್‌ಮಿಲ್ಲಿನ ಎರಡು ಕಂಬ ಮತ್ತು ಮೇಲಿನ ಪರದೆಯ ಭಾಗ ಬುಡಕ್ಕೆ ಬೋಲ್ಟಿನಿಂದ ಸೇರಿರುತ್ತವೆ. ಒಳಗಿನ ವೈರಿನ ಕನೆಕ್ಟರನ್ನು ಬಿಡಿಸಿ, ಫೋಟೋ ತೆಗೆದುಕೊಂಡು, ಕಂಬ ಕಳಚಿ. ಅಷ್ಟರಲ್ಲೇ ಅಗಲವೂ ಎತ್ತರವೂ ತಗ್ಗುತ್ತವೆ. ಮಡಚುವ ಬಗೆಯದಾದರೆ ಕೊಕ್ಕೆಯನ್ನು ನಂಬದೆ ಬೆಲ್ಟಿನಿಂದ ಸುತ್ತಿ ಬಿಗಿಯಿರಿ. ಮೆಟ್ಟಿಲ ನಡುವೆ ಅದು ಬಿಚ್ಚಿಕೊಂಡರೆ ಬೆರಳು ಹೋಗುತ್ತದೆ.

ಆಮೇಲೆ ಮೆಟ್ಟಿಲು. ಅಮೆರಿಕದ ಈಗಿನ ಮಾದರಿ ವಸತಿ ನಿಯಮದಂತೆ ಅಗಲ 36 ಇಂಚು, ತಲೆಯ ಮೇಲೆ 6 ಅಡಿ 8 ಇಂಚು ಇರಬೇಕು, ಒಂದೊಂದು ತುಳಿಯೂ 300 ಪೌಂಡಿನ ಒಂದೇ ಕಡೆಯ ಭಾರ ತಡೆಯಬೇಕು. ಹಳೇ ಮನೆಗಳಲ್ಲಿ ಈ ಮೂರನ್ನೂ ನಂಬಲಾಗದು. ಮೆಷೀನಿನ ಜೊತೆ ಒಬ್ಬರು ಅದೇ ತುಳಿಯ ಮೇಲೆ ನಿಂತರೂ 300 ಪೌಂಡು ಸುಲಭವಾಗಿ ದಾಟುತ್ತದೆ. ಹಿಂಬದಿ ತೆರೆದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ, ಕೆಳಗೆ ಹೋಗಿ ಟಾರ್ಚು ಬಿಟ್ಟು ನೋಡಿ: ತುಳಿಯಲ್ಲಿ ಸೀಳು, ಪಕ್ಕದ ಓರೆ ತೊಲೆ ಗೋಡೆಯಿಂದ ಬಿಟ್ಟಿರುವುದು, ಮೊಳೆ ಈಚೆ ಬಂದಿರುವುದು. ಒಂದಾದರೂ ಕಂಡರೆ ಮೊದಲು ರಿಪೇರಿ. ಮೆಟ್ಟಿಲ ಪಕ್ಕದ ಹಿಡಿಕಂಬಿ ಬಿಚ್ಚಿದರೆ ನಾಲ್ಕು ಇಂಚಿನವರೆಗೂ ಅಗಲ ಸಿಗುತ್ತದೆ. ಮೇಲಿನ ಬಾಗಿಲನ್ನು ಕೀಲಿನ ಪಿನ್ನು ಎತ್ತಿ ಕಳಚಿಡಿ. ಮನೆಯ ಹೊರಗಡೆಯಿಂದ ಬೇಸ್‌ಮೆಂಟಿಗೆ ಇಳಿಯುವ ಕಬ್ಬಿಣದ ಓರೆ ಬಾಗಿಲಿದ್ದರೆ ಆ ದಾರಿಯನ್ನೂ ಅಳೆಯಿರಿ. ಕಾಂಕ್ರೀಟ್ ಮೆಟ್ಟಿಲಾಗಿದ್ದು ನೇರವಾಗಿದ್ದರೆ ಅದೇ ವಾಸಿ.

ಯು-ಹಾಲ್‌ನಂಥ ಸಾಗಣೆ ಸಲಕರಣೆ ಬಾಡಿಗೆಗೆ ಕೊಡುವ ಕಡೆ ಅಪ್ಲಯನ್ಸ್ ಡಾಲಿ, ಅಂದರೆ ಭಾರದ ಸಾಮಾನು ಒರಗಿಸಿ ಸಾಗಿಸುವ ಟ್ರಾಲಿ, ಸಿಗುತ್ತದೆ. ಬೆನ್ನಿಗೆ ಮೆಟ್ಟಿಲ ಅಂಚಿನ ಮೇಲೆ ಜಾರುವ ಪಟ್ಟಿಯಿರುವುದನ್ನೇ ಕೇಳಿ. ಮೋಟಾರಿನ ತುದಿ ಕೆಳಗೆ, ಡಾಲಿಯ ತಟ್ಟೆಯ ಮೇಲೆ ಇರಲಿ. ಇಬ್ಬರು ಮೇಲ್ಗಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಲಿ, ಪ್ರತಿ ಮೆಟ್ಟಿಲಲ್ಲೂ ಪೂರ್ತಿ ನಿಲ್ಲಿಸಲಿ. ಒಬ್ಬರು ಕೆಳಗಿದ್ದು ದಾರಿ ಹೇಳುವುದಾದರೆ ನೆಲದ ಮೇಲೆ, ಮೆಟ್ಟಿಲ ನೇರದಿಂದ ಪಕ್ಕಕ್ಕೆ ನಿಲ್ಲಲಿ. ‘ನಾನು ಕೆಳಗಿಂದ ತಡೀತೀನಿ’ ಅನ್ನುವ ಧೈರ್ಯಶಾಲಿ ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರ ಕೈಗೆ ಮೊದಲೇ ಕಂಬದ ಭಾಗ ಕೊಟ್ಟು ಕಳಿಸಿಬಿಡಿ.

ಪ್ರಶ್ನೆ: ಊಟದ ಮೇಜಿನ ಗಾಜು 6 ಅಡಿಗೆ ಮೂರೂವರೆ ಅಡಿ, 12 ಮಿ.ಮೀ. ದಪ್ಪ. ಮಲಗಿಸಿ ಒಯ್ಯುವುದೋ ನಿಲ್ಲಿಸಿಯೋ?
— ಒಬ್ಬ ಓದುಗರು, ಬೆಳಗಾವಿ

ನಿಲ್ಲಿಸಿ, ಉದ್ದನೆಯ ಅಂಚು ಕೆಳಗಾಗಿ. ಗಾಜು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. ತೂಗುತ್ತದೆ. ನಿಮ್ಮದು 58 ಕೆ.ಜಿ. ಆಸುಪಾಸು. ಮಲಗಿಸಿ ಎರಡು ತುದಿ ಹಿಡಿದರೆ ನಡುವೆ ಬಗ್ಗಿ ಒಡೆಯುವ ಭಯ. ಟಫನ್ ಮಾಡಿದ ಗಾಜು ಬಗ್ಗುವುದನ್ನು ತಾಳಿಕೊಂಡರೂ ಅದರ ಮೂಲೆ ಬಲು ಸೂಕ್ಷ್ಮ. ಮೂಲೆ ಕಲ್ಲುನೆಲಕ್ಕೆ ಕುಟ್ಟಿದರೆ ಇಡೀ ಗಾಜು ಪುಡಿಪುಡಿ. ನಾಲ್ಕೂ ಮೂಲೆಗೆ ರಟ್ಟು ಮಡಚಿ ಟೇಪು ಹಾಕಿ, ರಬ್ಬರ್ ಕೈಗವಸು ತೊಟ್ಟು ಹಿಡಿಯಿರಿ. ದಣಿವಾರಿಸಿಕೊಳ್ಳಲು ಕೆಳಗಿಡಬೇಕಾದ ಕಡೆಗಳಲ್ಲಿ, ಅಂದರೆ ಪ್ರತಿ ತಿರುವಿನ ಕಟ್ಟೆಯಲ್ಲಿ, ಮೊದಲೇ ಎರಡೆರಡು ಮರದ ತುಂಡು ಇಟ್ಟು ಬನ್ನಿ.